ತೊಳೆಯಬೇಕೋ, ಉಜ್ಜಬೇಕೋ, ಬದಲಿಸಬೇಕೋ? ಗಾಲ್ಫ್ ಕ್ಲಬ್ ಮತ್ತು ಗ್ರಿಪ್ ಆರೈಕೆಯ ಆಯ್ಕೆಗಳು

ಒಂದು ರೌಂಡ್ ಆಟ ಮುಗಿಸಿ ಬಂದ ಸೆವೆನ್ ಐರನ್ ಅನ್ನು, ಅಂದರೆ ಲೋಹದ ತಲೆಯ ಗಾಲ್ಫ್ ಕ್ಲಬ್ ಒಂದನ್ನು, ಬೆಳಕಿಗೆ ಹಿಡಿದು ನೋಡಿ. ಚೆಂಡಿಗೆ ತಾಗುವ ಮುಖದ ಗೆರೆಗಳಲ್ಲಿ ಮಣ್ಣು ಕೂತು ಒಣಗಿರುತ್ತದೆ. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಈಗ ಕ್ಲಬ್ ತಿರುಗಿಸಿ ಕೈ ಹಿಡಿಯುವ ಗ್ರಿಪ್ ನೋಡಿ. ಹೆಬ್ಬೆರಳು ಕೂರುವ ಜಾಗ ಮಿರಮಿರ ಮಿಂಚುತ್ತಿದೆಯೇ? ಅದು ಹೊಸತನದ ಹೊಳಪಲ್ಲ. ಬೆವರು, ಚರ್ಮದ ಎಣ್ಣೆ, ಸನ್‌ಸ್ಕ್ರೀನ್, ಧೂಳು ಎಲ್ಲ ಸೇರಿ ಗಟ್ಟಿಯಾದ ಪದರ ಅದು. ತಲೆಯ ಮಣ್ಣನ್ನು ಟೀ (ಚೆಂಡು ಇಡುವ ಪುಟ್ಟ ಗೂಟ) ಮೊನೆಯಿಂದ ಕೆರೆದು ತೆಗೆಯುವವರು ನೂರು ಜನ ಸಿಗುತ್ತಾರೆ, ಗ್ರಿಪ್ ತೊಳೆಯುವವರು ಹತ್ತು ಜನ ಸಿಕ್ಕರೆ ಹೆಚ್ಚು. ಆದರೆ ಕೈ ಕ್ಲಬ್ಬನ್ನು ಮುಟ್ಟುವುದು ಅಲ್ಲಿ ಮಾತ್ರ. ಗ್ರಿಪ್ ಜಾರಿದರೆ ಗೊತ್ತಿಲ್ಲದೆಯೇ ಮುಷ್ಟಿ ಬಿಗಿಯಾಗುತ್ತದೆ, ಮುಂಗೈ ಸೆಟೆದುಕೊಳ್ಳುತ್ತದೆ, ಮಣಿಕಟ್ಟು ತಿರುಗಬೇಕಾದ ಹೊತ್ತಿಗೆ ತಿರುಗುವುದಿಲ್ಲ. ಆದ್ದರಿಂದ ದುಡ್ಡು, ಸಮಯ ಎರಡೂ ಸೀಮಿತವಾಗಿದ್ದರೆ ಗ್ರಿಪ್‌ಗೆ ಮೊದಲ ಪಾಲು ಕೊಡಿ. ತಲೆಗೆ ಬೇಕಾದದ್ದು, ಮಾರುವವರು ಹೇಳುವುದಕ್ಕಿಂತ ಬಹಳ ಕಡಿಮೆ.

ತಲೆಗೆ: ಸೋಪಿನ ನೀರೋ, ವಿನೆಗರೋ, ಯಂತ್ರವೋ?

ಹತ್ತರಲ್ಲಿ ಒಂಬತ್ತು ಸಲ ಸೋಪಿನ ನೀರೇ ಸಾಕು. ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಚಮಚ ಹಾಕಿ. ಐರನ್ ಮತ್ತು ವೆಜ್‌ಗಳನ್ನು (ಚೆಂಡನ್ನು ಎತ್ತರಕ್ಕೆ ಹಾರಿಸುವ ಕ್ಲಬ್ಬುಗಳು) ತಲೆ ಮುಳುಗುವಷ್ಟು ಮಾತ್ರ 5ರಿಂದ 10 ನಿಮಿಷ ಇಳಿಬಿಡಿ. ತಲೆ ಶಾಫ್ಟ್‌ಗೆ, ಅಂದರೆ ಉದ್ದನೆಯ ಕೋಲಿಗೆ, ಸೇರುವಲ್ಲಿ ಕಪ್ಪು ಪ್ಲಾಸ್ಟಿಕ್ ಉಂಗುರ ಇದೆಯಲ್ಲ, ಫೆರೂಲ್, ನೀರು ಅದರ ಕೆಳಗೇ ನಿಲ್ಲಬೇಕು. ನೀರು ಕೈಗೆ ಚುರುಕೆನ್ನುವಷ್ಟು ಬಿಸಿ ಇದ್ದರೆ ಅದು ಹೆಚ್ಚಾಯಿತು ಎಂದೇ ಅರ್ಥ. ತಲೆಯನ್ನು ಶಾಫ್ಟ್‌ಗೆ ಹಿಡಿದಿಟ್ಟಿರುವುದು ಎಪಾಕ್ಸಿ ಅಂಟು. ಪದೇ ಪದೇ ಬಿಸಿ ತಗುಲಿದರೆ ಅದರ ಹಿಡಿತ ಸಡಿಲವಾಗುತ್ತದೆ. ಡಿಶ್‌ವಾಷರ್‌ಗೆ ಕ್ಲಬ್ ಹಾಕಬಾರದು ಎನ್ನುವುದಕ್ಕೂ, ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲಿ ಬ್ಯಾಗ್ ಬಿಡಬಾರದು ಎನ್ನುವುದಕ್ಕೂ ಕಾರಣ ಇದೇ. ನೆನೆದ ಮೇಲೆ ಹಳೆಯ ಟೂತ್ ಬ್ರಷ್ ತೆಗೆದುಕೊಂಡು ಗೆರೆಗಳ ಉದ್ದಕ್ಕೆ ಉಜ್ಜಿ. ಅಡ್ಡಕ್ಕೆ ಉಜ್ಜಿದರೆ ಮಣ್ಣು ಒಂದು ಗೆರೆಯಿಂದ ಎದ್ದು ಇನ್ನೊಂದಕ್ಕೆ ಹೋಗಿ ಕೂರುತ್ತದೆ.

ಆಮೇಲಿನ ಹೆಜ್ಜೆಯಲ್ಲಿ ತಪ್ಪುವವರೇ ಜಾಸ್ತಿ: ಒರೆಸದೆ ಗಾಳಿಗೆ ಬಿಡುವುದು. ಬೋರ್‌ವೆಲ್ ನೀರಿನ ಊರುಗಳಲ್ಲಿ, ಬೆಂಗಳೂರಿನ ಹಲವು ಬಡಾವಣೆಗಳೂ ಸೇರಿದಂತೆ, ಹೀಗೆ ಬಿಟ್ಟರೆ ಕ್ರೋಮ್ ಮೇಲೆ ಬಿಳಿ ಕಲೆ ಉಳಿಯುತ್ತದೆ. ಗೀಸರ್ ಒಳಗೆ ಕಟ್ಟುವ ಸುಣ್ಣದ ಪದರವೇ ಇದು. ತೊಳೆದ ತಕ್ಷಣ ಒಣ ಟವೆಲ್‌ನಿಂದ ಒರೆಸಿದರೆ ಈ ಕಲೆ ಹುಟ್ಟುವುದೇ ಇಲ್ಲ.

ವಿನೆಗರ್‌ನ ಕೆಲಸ ಎರಡೇ: ಈ ಸುಣ್ಣದ ಕಲೆ ತೆಗೆಯುವುದು, ಸಣ್ಣ ತುಕ್ಕಿನ ಚುಕ್ಕಿ ಬಿಡಿಸುವುದು. ಅಡುಗೆಮನೆಯ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಕಲೆಯ ಮೇಲೆ ಐದು ನಿಮಿಷ ಇಟ್ಟು, ಚೆನ್ನಾಗಿ ತೊಳೆದು ಒರೆಸಿ. ರಾತ್ರಿಯಿಡೀ ನೆನೆಹಾಕುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ, ಕಿವಿಗೆ ಹಾಕಿಕೊಳ್ಳಬೇಡಿ. ಕ್ರೋಮ್ ಲೇಪ ತನ್ನಷ್ಟಕ್ಕೆ ಗಟ್ಟಿ, ಆದರೆ ಕಲ್ಲು ಬಡಿದ ಜಾಗದಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಹುಳಿ ಅಲ್ಲಿಂದ ಒಳಗಿಳಿದು ಕೆಳಗಿನ ಉಕ್ಕನ್ನು ತಿನ್ನುತ್ತದೆ. ವಿನೆಗರ್ ಮತ್ತು ಅಡುಗೆ ಸೋಡಾ ಒಟ್ಟಿಗೆ ಸುರಿಯುವುದು ಇನ್ನೊಂದು ರೂಢಿ. ನೊರೆ ನೋಡಲು ಚೆಂದ, ಅಷ್ಟೇ. ಆಮ್ಲ, ಕ್ಷಾರ ಎರಡೂ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಸೋಡಾ ಬಳಸುವುದೇ ಆದರೆ ವಿನೆಗರ್ ಕೆಲಸ ಮುಗಿದ ಮೇಲೆ, ಹುಳಿಯ ಅಂಶ ಉಳಿಯದಂತೆ ತೊಳೆಯಲು ಬಳಸಿ.

ಅಲ್ಟ್ರಾಸೋನಿಕ್ ಯಂತ್ರ ನೂರಾರು ಕ್ಲಬ್ ತೊಳೆಯುವ ಅಂಗಡಿಗೆ ಸರಿ. ಮನೆಯಲ್ಲಿ ಹದಿನಾಲ್ಕು ಕ್ಲಬ್ಬಿಗೆ ಅದು ದಂಡ. ಕಾರು ತೊಳೆಯುವ ಪ್ರೆಷರ್ ವಾಷರ್ ಮಾತ್ರ ಬೇಡವೇ ಬೇಡ. ಅದು ನೀರನ್ನು ಫೆರೂಲ್ ಸಂದಿಗೂ ಗ್ರಿಪ್‌ನ ತುದಿಯ ರಂಧ್ರಕ್ಕೂ ನುಗ್ಗಿಸುತ್ತದೆ.

ಫೆರೂಲ್ ಮೇಲಿನ ಕಲೆಗೆ ನೇಲ್ ಪಾಲಿಶ್ ರಿಮೂವರ್ ಹಚ್ಚಿದರೆ ಕಲೆಯ ಜೊತೆ ಫೆರೂಲಿನ ಮೈಯೂ ಕರಗುತ್ತದೆ. ಅದರಲ್ಲಿರುವ ಅಸಿಟೋನ್ ಆ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ.

ನಿಮ್ಮ ಕ್ಲಬ್ಬಿನ ಮೈ ಯಾವುದು?

ಬ್ರಷ್ ಆರಿಸುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಕನ್ನಡಿಯಂತೆ ಹೊಳೆಯುವ ಕ್ರೋಮ್ ಲೇಪದ ಐರನ್ ಆಗಿದ್ದರೆ ನೈಲಾನ್ ಬ್ರಷ್ ಸದಾ ಸರಿ, ಮುಖದ ಗೆರೆಗಳ, ಅಂದರೆ ಗ್ರೂವ್‌ಗಳ, ಒಳಗೆ ಗಟ್ಟಿಯಾದ ಮಣ್ಣಿಗೆ ಹಿತ್ತಾಳೆ ಎಳೆಯ ಬ್ರಷ್ಷೂ ಸರಿ, ಏಕೆಂದರೆ ಹಿತ್ತಾಳೆ ಕ್ರೋಮ್‌ಗಿಂತ ಮೆತ್ತಗಿನ ಲೋಹ. ಸ್ಟೀಲ್ ತಂತಿಯ ಬ್ರಷ್, ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬರ್, ಹಸಿರು ಸ್ಕ್ರಬ್ ಪ್ಯಾಡ್ ಮೂರೂ ಗೀರು ಹಾಕುತ್ತವೆ. ಮಂಕಾದ ಸ್ಯಾಟಿನ್ ಮೈಯಿದ್ದರೆ ಆ ಗೀರು ಇನ್ನೂ ಎದ್ದು ಕಾಣುತ್ತದೆ.

ಕಪ್ಪು ವೆಜ್‌ಗಳ ಕಥೆಯೇ ಬೇರೆ. ಕಪ್ಪು ಬಣ್ಣ ಅಲ್ಲಿ ತೆಳುವಾದ ಲೇಪ ಅಷ್ಟೇ. ಮೈದಾನದ ಮರಳುಗುಂಡಿಯ (ಬಂಕರ್) ಮರಳು ಅದನ್ನು ಹೇಗೂ ಸವೆಸುತ್ತದೆ. ವಿನೆಗರ್ ಮುಟ್ಟಿಸಿದರೆ ಬ್ಲ್ಯಾಕ್ ಆಕ್ಸೈಡ್ ಲೇಪ ಒಂದೇ ದಿನದಲ್ಲಿ ತೇಪೆ ತೇಪೆಯಾಗುತ್ತದೆ. ಸೋಪು, ನೈಲಾನ್ ಬ್ರಷ್, ಮೃದು ಬಟ್ಟೆ ಬಿಟ್ಟು ಬೇರೇನೂ ಬೇಡ.

ಲೇಪವೇ ಇಲ್ಲದ ‘ರಾ’ ವೆಜ್ ತುಕ್ಕು ಹಿಡಿಯಲೆಂದೇ ಬಂದದ್ದು. ಬಿಸಿಲಿಗೆ ಕಣ್ಣು ಕುಕ್ಕದಿರಲಿ ಎಂದು ಅದನ್ನು ಬಯಸಿ ಕೊಳ್ಳುವವರಿದ್ದಾರೆ. ಕೊಂಡ ಮೇಲೆ ತುಕ್ಕು ನೋಡಿ ಗಾಬರಿಯಾಗಿ ಮರಳುಕಾಗದ ಹಿಡಿಯುವವರೂ ಇದ್ದಾರೆ! ಮೇಲ್ಮೈಯ ಕಂದು ತುಕ್ಕಿನಿಂದ ಆಟಕ್ಕೇನೂ ತೊಂದರೆಯಿಲ್ಲ. ಬೇಡವೆನಿಸಿದರೆ ಹೊಲಿಗೆ ಮೆಷಿನ್ ಎಣ್ಣೆ ಎರಡು ಹನಿ ಬಟ್ಟೆಗೆ ಹಾಕಿ ತೆಳುವಾಗಿ ಸವರಿಡಿ. ಕೊಬ್ಬರಿ ಎಣ್ಣೆ ಬೇಡ; ಚಳಿಗೆ ಗಟ್ಟಿಯಾಗಿ ಧೂಳನ್ನು ಹಿಡಿದಿಡುತ್ತದೆ. ಆಡುವ ಮೊದಲು ಮುಖದ ಎಣ್ಣೆ ಪೂರ್ತಿ ಒರೆಸಿರಬೇಕು. ಎಣ್ಣೆಯ ಮುಖದ ಮೇಲೆ ಚೆಂಡು ಜಾರುತ್ತದೆ ಎನ್ನುವುದು ಒಂದು ಕಾರಣ. ರೌಂಡ್ ನಡುವೆ ಕ್ಲಬ್ಬಿನ ತಲೆಗೆ ಹೊಡೆತದ ಮೇಲೆ ಪರಿಣಾಮ ಬೀರುವಂಥದ್ದನ್ನು ಹಚ್ಚಬಾರದು ಎಂಬ ನಿಯಮ ಇನ್ನೊಂದು. ಒರೆಸಿ ಶುಚಿ ಮಾಡುವುದಕ್ಕೆ ಅಡ್ಡಿಯಿಲ್ಲ.

ಹಿತ್ತಾಳೆ, ಕಂಚಿನ ಹಳೇ ಪಟರ್ (ಚೆಂಡನ್ನು ಕುಳಿಗೆ ಉರುಳಿಸುವ ಕ್ಲಬ್) ಇದ್ದರೆ ಅಡುಗೆಮನೆಯ ಹುಣಸೆಹಣ್ಣು ನಿಜಕ್ಕೂ ಕೆಲಸ ಮಾಡುತ್ತದೆ. ನಿಂಬೆ ಗಾತ್ರದ ಹುಣಸೆ ನೆನೆಹಾಕಿ, ಕಿವುಚಿ, ಚಿಟಿಕೆ ಉಪ್ಪು ಸೇರಿಸಿ ಬೆರಳಲ್ಲೇ ತಿಕ್ಕಿ. ದೇವರ ದೀಪ ಬೆಳಗಿದ ಹಾಗೇ. ಆದರೆ ಮೊದಲು ಯೋಚಿಸಿ. 1966ರಲ್ಲಿ ಕಾರ್ಸ್ಟೆನ್ ಸೋಲ್‌ಹೈಮ್ ರೂಪಿಸಿದ ಪಿಂಗ್ ಆನ್ಸರ್‌ನಂಥ ಮ್ಯಾಂಗನೀಸ್ ಕಂಚಿನ ಪಟರ್‌ಗಳಲ್ಲಿ ಆ ಕಂದು ಮಬ್ಬನ್ನೇ ಬೆಲೆಯೆಂದು ಎಣಿಸುವವರಿದ್ದಾರೆ. ಒಮ್ಮೆ ತಿಕ್ಕಿದರೆ ಅದು ಮರಳಿ ಕೂರಲು ವರ್ಷಗಳೇ ಬೇಕು.

ದೂರ ಹೊಡೆಯುವ ದೊಡ್ಡ ತಲೆಯ ಕ್ಲಬ್ಬುಗಳಾದ ಡ್ರೈವರ್ ಮತ್ತು ಫೇರ್‌ವೇ ವುಡ್‌ಗಳನ್ನು ಬಕೆಟ್ಟಿಗೆ ಇಳಿಸಲೇಬಾರದು. ತಲೆ ಒಳಗೆ ಟೊಳ್ಳು, ತೂಕದ ಸ್ಕ್ರೂಗಳ ಸಂದಿಯಿಂದ ನೀರು ಹೋದರೆ ಹೊರಬರುವ ದಾರಿ ಇಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಮುಖದ ಗೆರೆಗಳಿಗೆ ಮೃದು ಬ್ರಷ್ ಆಡಿಸಿ, ಒಣಗಿಸಿ. ಮಳೆಯಲ್ಲಿ ನೆನೆದ ಹೆಡ್‌ಕವರ್ ಅನ್ನು ತಲೆಯ ಮೇಲೇ ಬಿಡಬೇಡಿ.

ಗ್ರೂವ್ ಶಾರ್ಪನರ್ ಕೊಳ್ಳಬೇಕೇ?

ಬೇಡ ಎಂಬುದೇ ನಮ್ಮ ಉತ್ತರ. ಗ್ರೂವ್‌ನ ಕೆಲಸ ಚೆಂಡನ್ನು ಕಚ್ಚುವುದಲ್ಲ. ಚೆಂಡು ಮತ್ತು ಮುಖದ ನಡುವೆ ಸಿಕ್ಕ ಹುಲ್ಲಿನ ರಸ, ನೀರು ಹರಿದುಹೋಗಲು ಕಾಲುವೆಯಾಗುವುದು. ಟೈರಿನ ಗೆರೆಯ ಹಾಗೆ. ಕಾಲುವೆ ತುಂಬಿದ್ದರೆ ಚೆಂಡು ಮುಖದ ಮೇಲೆ ಜಾರಿ, ಸ್ಪಿನ್ ಇಲ್ಲದೆ ಹಾರಿ, ಕುಳಿಯ ಸುತ್ತಲಿನ ನುಣುಪು ಹುಲ್ಲಿನ (ಗ್ರೀನ್) ಮೇಲೆ ಬಿದ್ದರೂ ನಿಲ್ಲದೆ ಓಡುತ್ತದೆ. ಇದಕ್ಕೆ ಮದ್ದು ಬ್ರಷ್, ಉಳಿ ಅಲ್ಲ.

2010ರಲ್ಲಿ ಜಾರಿಗೆ ಬಂದ ಅಳತೆಯ ಪ್ರಕಾರ, 25 ಡಿಗ್ರಿ ಅಥವಾ ಹೆಚ್ಚು ಲಾಫ್ಟ್ (ಮುಖದ ಓರೆ) ಇರುವ ಕ್ಲಬ್ಬುಗಳಲ್ಲಿ ಗ್ರೂವ್‌ನ ಅಂಚಿಗೆ ಕನಿಷ್ಠ 0.010 ಇಂಚಿನ ದುಂಡುತನ ಇರಬೇಕು. ಗ್ರೂವ್ ಅಗಲ 0.035 ಇಂಚು, ಆಳ 0.020 ಇಂಚು ಮೀರಬಾರದು. ಕೈಯಲ್ಲಿ ಹಿಡಿದ ಶಾರ್ಪನರ್ ಈ ಕೂದಲೆಳೆಯ ಅಳತೆಯನ್ನು ಪಾಲಿಸುತ್ತದೆ ಎಂದು ನಂಬುವುದು ಕಷ್ಟ. ಒಂದು ಸಲ ಕೈ ತಪ್ಪಿದರೆ ಅಂಚು ಚೂಪಾಗುತ್ತದೆ, ಕ್ಲಬ್ ನಿಯಮಬಾಹಿರವಾಗುತ್ತದೆ. ಟೂರ್ನಮೆಂಟಿನಲ್ಲಿ ಅಂಥ ಕ್ಲಬ್ಬಿಂದ ಒಂದು ಹೊಡೆತ ಹೊಡೆದರೂ ಅನರ್ಹತೆ. ಮೇಲಾಗಿ ಉಪಕರಣ ಕ್ರೋಮನ್ನು ಕಿತ್ತ ಜಾಗದಲ್ಲಿ ತುಕ್ಕು ಶುರುವಾಗುತ್ತದೆ. ಗ್ರೂವ್ ನಿಜವಾಗಿಯೂ ಸವೆದಿದ್ದರೆ ವೆಜ್ ಬದಲಿಸುವುದೇ ದಾರಿ.

ಶಾಫ್ಟ್

ಹೆಚ್ಚು ಹೇಳುವುದಿಲ್ಲ. ಸ್ಟೀಲ್ ಶಾಫ್ಟಿನ ತುಕ್ಕು ಚುಕ್ಕಿಗೆ 0000 ದರ್ಜೆಯ (ಅತಿ ನಯವಾದ) ಸ್ಟೀಲ್ ವುಲ್, ಒಂದು ಹನಿ ಎಣ್ಣೆ, ಹಗುರ ಕೈ. ಗ್ರಾಫೈಟ್‌ಗೆ ಅದನ್ನು ಮುಟ್ಟಿಸಲೂಬಾರದು. ಒದ್ದೆ ಬಟ್ಟೆ ಸಾಕು. ಗ್ರಾಫೈಟ್ ಶಾಫ್ಟಿನ ಸುತ್ತ ಉಂಗುರದಂತೆ ಸವೆತ ಕಂಡರೆ ಅದು ಬ್ಯಾಗಿನ ಬಾಯಿಗೆ ಉಜ್ಜಿ ಆದದ್ದು. ಬಣ್ಣ ಹೋಗಿ ಒಳಗಿನ ಎಳೆ ಕಂಡರೆ ಆ ಕ್ಲಬ್ ಬೀಸಬೇಡಿ.

ಗ್ರಿಪ್: ಯಾವ ವಸ್ತುವಿಗೆ ಯಾವ ತೊಳೆತ

ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ: ರಬ್ಬರ್, ರಬ್ಬರಿನೊಳಗೆ ಹತ್ತಿ ದಾರ ಬೆರೆಸಿದ ಕಾರ್ಡ್, ಮತ್ತು ಪಾಲಿಯುರೆಥೇನ್. ಕಣ್ಣಿಗೆ ಗೊತ್ತಾಗದಿದ್ದರೆ ಉಗುರಿನಿಂದ ಒತ್ತಿ ನೋಡಿ. ರಬ್ಬರ್ ಗಟ್ಟಿಯಾಗಿ ಎದುರೊತ್ತುತ್ತದೆ. ಕಾರ್ಡ್ ಬೆರಳಿಗೆ ಗರಗರ ಎನ್ನುತ್ತದೆ, ಬಿಳಿ ದಾರದ ಚುಕ್ಕಿಗಳು ಕಾಣುತ್ತವೆ. ಪಾಲಿಯುರೆಥೇನ್ ಸ್ಪಂಜಿನ ಹಾಗೆ ತಗ್ಗುತ್ತದೆ, ಸ್ವಲ್ಪ ಅಂಟಂಟು ಅನ್ನಿಸುತ್ತದೆ.

ರಬ್ಬರಿಗೆ ಹೀಗೆ: ಎರಡು ಲೀಟರ್ ಉಗುರುಬೆಚ್ಚಗಿನ ನೀರು, ಒಂದು ಟೀ ಚಮಚ ಪಾತ್ರೆ ಲಿಕ್ವಿಡ್. ಗ್ರಿಪ್ಪನ್ನು ಬಕೆಟ್ಟಿಗೆ ಅದ್ದಬೇಡಿ. ತುದಿಯಲ್ಲಿ ಒಂದು ಸಣ್ಣ ರಂಧ್ರವಿದೆ, ನೀರು ಅಲ್ಲಿಂದ ಶಾಫ್ಟ್ ಒಳಗಿಳಿದರೆ ಸ್ಟೀಲ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ, ಅಡಿಯ ಟೇಪ್ ಕೂಡ ಸಡಿಲವಾಗುತ್ತದೆ. ಬ್ರಷ್ ಅದ್ದಿ, ಕ್ಲಬ್ಬನ್ನು ಅಡ್ಡ ಹಿಡಿದು, ಸುತ್ತ ತಿರುಗಿಸುತ್ತಾ ಅರ್ಧ ನಿಮಿಷ ಉಜ್ಜಿ. ನೊರೆ ಬೂದು ಬಣ್ಣಕ್ಕೆ ತಿರುಗಿದರೆ ಕೊಳೆ ಬಿಡುತ್ತಿದೆ ಎಂದರ್ಥ. ನೊರೆ ಬಿಳಿಯಾಗಿಯೇ ಉಳಿಯುವವರೆಗೆ ಮತ್ತೊಮ್ಮೆ ಉಜ್ಜಿ. ಆಮೇಲೆ ಬರೀ ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ. ಇಲ್ಲಿ ಅವಸರ ಮಾಡಿದವರೇ "ತೊಳೆದ ಮೇಲೆ ಇನ್ನೂ ಜಾಸ್ತಿ ಜಾರುತ್ತಿದೆ" ಎಂದು ದೂರುವುದು. ಜಾರಿಸುತ್ತಿರುವುದು ಒಳಗುಳಿದ ಸೋಪು. ಒಣ ಟವೆಲ್‌ನಿಂದ ಹಿಂಡಿದ ಹಾಗೆ ಒರೆಸಿ, ನೆರಳಲ್ಲಿ ಫ್ಯಾನ್ ಗಾಳಿಗೆ, ಗ್ರಿಪ್ ತುದಿ ಕೆಳಗೆ ಬಾಗುವಂತೆ ಒರಗಿಸಿಡಿ. ಬಿಸಿಲಿಗಿಟ್ಟರೆ ಬೇಗ ಒಣಗುತ್ತದೆ ನಿಜ, ರಬ್ಬರೂ ಅಷ್ಟೇ ಬೇಗ ಬಿರುಸಾಗುತ್ತದೆ.

ಕಾರ್ಡ್‌ಗೂ ಇದೇ ಕ್ರಮ, ಬ್ರಷ್ ಮಾತ್ರ ತುಸು ಗಡುಸಾಗಿರಲಿ, ಏಕೆಂದರೆ ದಾರದ ಸಂದಿಯಲ್ಲಿ ಕೊಳೆ ಆಳಕ್ಕೆ ಇಳಿದಿರುತ್ತದೆ. ಒಣಗಲು ಹೆಚ್ಚು ಹೊತ್ತು ಬೇಕು. ಕೈ ಬೆವರುವವರಿಗೆ, ಕರಾವಳಿಯ ಸೆಕೆಯಲ್ಲಿ ಆಡುವವರಿಗೆ ಕಾರ್ಡ್‌ನಷ್ಟು ನಂಬಿಕಸ್ಥ ಗ್ರಿಪ್ ಇನ್ನೊಂದಿಲ್ಲ. ಗ್ಲೌಸ್ ಇಲ್ಲದ ಕೈಯಲ್ಲಿ ಬೊಬ್ಬೆ ಬರುತ್ತದೆ, ಅದೊಂದು ಬಾಬತ್ತು.

ಪಾಲಿಯುರೆಥೇನ್ ಮೃದು, ಕೀಲುನೋವಿನವರಿಗೆ ಹಿತ, ಆದರೆ ಆಯುಸ್ಸು ಕಡಿಮೆ. ಗಡುಸು ಬ್ರಷ್, ಮರಳುಕಾಗದ, ಯಾವುದೇ ಸಾಲ್ವೆಂಟ್ ಅದಕ್ಕೆ ಆಗದು. ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸುವುದಷ್ಟೇ. ಇನ್ನೊಂದು ವಿಷಯ: ಶಾಖ ಮತ್ತು ತೇವ ಸೇರಿದಾಗ ಪಾಲಿಯುರೆಥೇನ್ ನಿಧಾನವಾಗಿ ಒಡೆಯುತ್ತದೆ. ಕೊಡಗು, ಚಿಕ್ಕಮಗಳೂರಿನ ಮಳೆಗಾಲದಲ್ಲಿ ಮೂರು ತಿಂಗಳು ಮುಚ್ಚಿದ ಬ್ಯಾಗಿನಲ್ಲಿದ್ದ ಗ್ರಿಪ್ ಕೈಗೆ ಬೆಲ್ಲದ ಪಾಕದಂತೆ ಮೆತ್ತಿಕೊಂಡರೆ ಅದನ್ನು ಕೊಳೆ ಎಂದುಕೊಳ್ಳಬೇಡಿ. ವಸ್ತುವೇ ಕೆಟ್ಟಿದೆ, ಎಷ್ಟು ತೊಳೆದರೂ ಹೋಗುವುದಿಲ್ಲ.

ಸ್ಯಾನಿಟೈಸರ್ ಹಾಕಿ ಒರೆಸುವ ಅಭ್ಯಾಸ ಈಗ ಹಲವರಿಗಿದೆ. ಆಲ್ಕೋಹಾಲ್ ಎಣ್ಣೆ ಜಿಡ್ಡನ್ನು ಚಕ್ಕನೆ ತೆಗೆಯುತ್ತದೆ, ರಬ್ಬರಿಗೆ ಅಪರೂಪಕ್ಕೆ ಪರವಾಗಿಲ್ಲ. ವಾರವಾರವೂ ಮಾಡಿದರೆ ರಬ್ಬರ್ ಒಣಗಿ ಬಿರಿಯುತ್ತದೆ. ಸೊಳ್ಳೆ ಓಡಿಸುವ ಕ್ರೀಮ್ ಹಚ್ಚಿದ ಕೈಯನ್ನಂತೂ ಮೊದಲು ತೊಳೆಯಿರಿ. ಅಂಥ ಕೆಲವು ಕ್ರೀಮ್‌ಗಳಲ್ಲಿರುವ ಡೀಟ್ ಎಂಬ ರಾಸಾಯನಿಕ ಕೆಲವು ಪ್ಲಾಸ್ಟಿಕ್‌ಗಳನ್ನೂ ಬಣ್ಣಗಳನ್ನೂ ಕರಗಿಸುತ್ತದೆ.

ಎಷ್ಟು ದಿನಕ್ಕೊಮ್ಮೆ? ವಾರಕ್ಕೊಂದು ರೌಂಡ್ ಆಡುವವರಿಗೆ ತಿಂಗಳಿಗೊಂದು ಪೂರ್ತಿ ತೊಳೆತ, ಪ್ರತಿ ರೌಂಡ್ ಮುಗಿದ ಮೇಲೆ ಒದ್ದೆ ಟವೆಲ್ಲಿನ ಒಂದು ಒರೆತ ಸಾಕು. ಬ್ಯಾಗ್ ಹೊರುವ ಕ್ಯಾಡಿ ಹೊಡೆತದ ನಂತರ ಕ್ಲಬ್ಬಿನ ತಲೆ ಒರೆಸಿ ಕೊಡುತ್ತಾರೆ. ಗ್ರಿಪ್ ನಿಮ್ಮ ಪಾಲಿಗೇ ಉಳಿಯುವುದು.

ಉಜ್ಜಿ ಉಳಿಸುವುದೋ, ಹೊಸದು ಹಾಕುವುದೋ?

ತೊಳೆದು ಒಣಗಿಸಿದ ಮೇಲೂ ರಬ್ಬರ್ ಹೊಳೆಯುತ್ತಿದ್ದರೆ ಮೇಲ್ಪದರ ಗಟ್ಟಿಯಾಗಿದೆ ಎಂದರ್ಥ. 120 ನಂಬರಿನ ಮರಳುಕಾಗದವನ್ನು ಗ್ರಿಪ್ ಸುತ್ತ ಮಡಚಿ ಹಿಡಿದು, ಹಗುರವಾಗಿ ನಾಲ್ಕೈದು ಸಲ ಉದ್ದಕ್ಕೆ ಎಳೆದರೆ ಹೊಳಪು ಹೋಗಿ ಹಿಡಿತ ಬರುತ್ತದೆ. ಇದು ಕೆಲವು ರೌಂಡ್‌ಗಳ ಮಟ್ಟಿನ ಉಪಾಯ. ನಾಳೆ ಪಂದ್ಯ ಇದೆ, ಅಂಗಡಿ ಮುಚ್ಚಿದೆ ಎಂದಾಗ ಮಾತ್ರ ಮಾಡಿ. ಪ್ರತಿ ಉಜ್ಜುವಿಕೆಯಲ್ಲೂ ಗ್ರಿಪ್ ತೆಳುವಾಗುತ್ತದೆ, ವಿನ್ಯಾಸದ ಗೆರೆ ಅಳಿಸುತ್ತದೆ.

40 ರೌಂಡ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಬದಲಿಸಿ ಎಂಬುದು ಸಾಮಾನ್ಯ ಲೆಕ್ಕ. ಆದರೆ ಅಭ್ಯಾಸದ ರೇಂಜ್‌ನಲ್ಲಿ ದಿನಾ ನೂರು ಚೆಂಡು ಹೊಡೆಯುವವರ ಸೆವೆನ್ ಐರನ್‌ಗೂ ತಿಂಗಳಿಗೊಮ್ಮೆ ಹೊರಬರುವ ತ್ರೀ ಐರನ್‌ಗೂ ಒಂದೇ ಲೆಕ್ಕ ಹೇಗೆ ಸರಿಯಾದೀತು? ಹೆಬ್ಬೆರಳಿನ ಜಾಗದಲ್ಲಿ ಗುಳಿ, ಗ್ರಿಪ್‌ನ ಬಾಯಿಯಲ್ಲಿ (ಕೆಳ ಅಂಚಿನಲ್ಲಿ) ಬಿರುಕು, ಹಿಂಡಿದರೆ ಪ್ಲಾಸ್ಟಿಕ್ಕಿನಷ್ಟು ಗಡುಸು: ಇವುಗಳಲ್ಲಿ ಒಂದು ಕಂಡರೂ ಬದಲಿಸಿ. ಇಡೀ ಸೆಟ್ ಒಟ್ಟಿಗೆ ಬದಲಿಸಲೇಬೇಕೆಂದಿಲ್ಲ. ಆದರೆ ಹೊಸದು ಹಳೆಯದರ ತೂಕದ್ದೇ ಆಗಿರಲಿ. ಸಾಮಾನ್ಯ ಗ್ರಿಪ್ 50 ಗ್ರಾಂ ಆಸುಪಾಸು, ಅದಕ್ಕಿಂತ 4–5 ಗ್ರಾಂ ಭಾರ ಹೆಚ್ಚಾದರೆ ಸ್ವಿಂಗ್‌ವೇಟ್ (ಬೀಸುವಾಗ ತಲೆ ಎಷ್ಟು ಭಾರ ಅನ್ನಿಸುತ್ತದೆ ಎಂಬ ಅಳತೆ) ಒಂದು ಅಂಕ ಇಳಿಯುತ್ತದೆ, ತಲೆ ಹಗುರವೆನಿಸುತ್ತದೆ.

ದಪ್ಪವನ್ನೂ ನೋಡಿ. ಶಾಫ್ಟಿನ ತುದಿ 0.600 ಇಂಚು, ಗ್ರಿಪ್‌ನ ಒಳಗಾತ್ರವೂ 0.600 ಇದ್ದರೆ ಹೊಂದಿಕೆ ಸರಿ. ಅದಕ್ಕೆ 0.580 ಗ್ರಿಪ್ ಹಾಕಿದರೆ ಒಂದು ಸುತ್ತು ಟೇಪ್ ಹೆಚ್ಚಿಗೆ ಸುತ್ತಿದಷ್ಟು, ಅಂದರೆ ಸುಮಾರು 1/64 ಇಂಚು, ದಪ್ಪವಾಗುತ್ತದೆ.

ಹಾಕುವ ಮೂರು ದಾರಿ

ಟೇಪ್ ಮತ್ತು ಟರ್ಪೆಂಟೈನ್ ವಿಧಾನ ಹಳೆಯದು, ಭರವಸೆಯದು. ಹಳೇ ಗ್ರಿಪ್ಪನ್ನು ಕೊಕ್ಕೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಗ್ರಾಫೈಟ್ ಶಾಫ್ಟ್ ಇದ್ದರೆ ನೇರ ಬ್ಲೇಡಿನ ಮೊನೆ ಒಳಗೆ ತಾಗಲೇಬಾರದು. ಹಳೇ ಟೇಪನ್ನು ಹೇರ್ ಡ್ರೈಯರಿನ ಹದ ಬಿಸಿಗೆ ಸಡಿಲಿಸಿ ಸುಲಿಯಿರಿ. 5 ಸೆಂ.ಮೀ. ಅಗಲದ ಎರಡೂ ಕಡೆ ಅಂಟಿನ ಟೇಪ್, ಸುಮಾರು 25 ಸೆಂ.ಮೀ. ಉದ್ದ, ಶಾಫ್ಟಿನ ಉದ್ದಕ್ಕೆ ಹಾಸಿ ಸುತ್ತಿ. ತುದಿಯಲ್ಲಿ ಒಂದೂವರೆ ಸೆಂ.ಮೀ. ಹೆಚ್ಚಿಗೆ ಬಿಟ್ಟು ತಿರುಚಿ ಶಾಫ್ಟಿನ ಬಾಯಿಯೊಳಗೆ ತುರುಕಿ. ಗ್ರಿಪ್‌ನ ರಂಧ್ರಕ್ಕೆ ಟೀ ಚುಚ್ಚಿ ಮುಚ್ಚಿ, ಬಣ್ಣದ ಅಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನ್ ಎರಡು ಚಮಚ ಒಳಗೆ ಸುರಿದು ಕುಲುಕಿ, ಅದನ್ನೇ ಟೇಪಿನ ಮೇಲೆ ಉದ್ದಕ್ಕೂ ಹರಿಸಿ. ಕೆಳಗೊಂದು ತಟ್ಟೆ ಇರಲಿ. ಆಮೇಲೆ ಯೋಚಿಸುತ್ತ ನಿಲ್ಲಬಾರದು, ಒಂದೇ ಉಸಿರಿಗೆ ತುದಿಯವರೆಗೆ ತಳ್ಳಬೇಕು. ಅರ್ಧಕ್ಕೆ ನಿಂತರೆ ಕಾರಣ ದ್ರವ ಕಡಿಮೆಯಾದದ್ದು. ಎಳೆದಾಡದೆ ತಕ್ಷಣ ಹೊರತೆಗೆದು ಮತ್ತೆ ತೋಯಿಸಿ. ಕೂತ ಮೇಲೆ ಬಾಯಿ ಹಿಡಿದು ಕೆಳಗೆಳೆಯಬೇಡಿ, ಗ್ರಿಪ್ ಹಿಗ್ಗಿ ತೆಳುವಾಗುತ್ತದೆ. ಒಂದು ರಾತ್ರಿ ಪೂರ್ತಿ ಆರಲು ಬಿಡಿ. ಮನೆಯಲ್ಲಿ ಸೀಮೆಎಣ್ಣೆ ಇದೆಯೆಂದು ಅದನ್ನು ಬಳಸಿದರೆ ಜಿಡ್ಡು ಪೂರ್ತಿ ಆರುವುದೇ ಇಲ್ಲ, ಹತ್ತನೇ ಹೋಲ್‌ಗೆ ಗ್ರಿಪ್ ತಿರುಗಲು ಶುರುವಾಗುತ್ತದೆ. ಪೆಟ್ರೋಲ್‌ನ ಅಪಾಯ ಹೇಳಬೇಕಾಗಿಲ್ಲ. ಟರ್ಪೆಂಟೈನ್ ಕೂಡ ಹೊತ್ತಿಕೊಳ್ಳುವಂಥದ್ದೇ. ಕಿಟಕಿ ತೆರೆದಿರಲಿ, ಒಲೆ ದೂರವಿರಲಿ.

ನೀರಿನಿಂದ ಜಾರುವ ಟೇಪ್ ಬಂದಿದೆ. ವಾಸನೆಯಿಲ್ಲ, ಬೆಂಕಿಯ ಭಯವಿಲ್ಲ. ಫ್ಲಾಟ್‌ನಲ್ಲಿ ಮಕ್ಕಳಿರುವ ಮನೆಗೆ ಇದೇ ಸರಿ. ಆದರೆ ಸರಿಹೊಂದಿಸಲು ಸಿಗುವ ಸಮಯ ಕಡಿಮೆ, ಮೋಡ ಕವಿದ ತೇವದ ದಿನಗಳಲ್ಲಿ ಒಣಗುವುದೂ ನಿಧಾನ. ಒಂದು ದಿನ ಪೂರ್ತಿ ಬಿಡಿ.

ಮೂರನೆಯದು ಗಾಳಿ. ಹೊರಗಡೆ ಅಂಟಿಲ್ಲದಂತೆ ಶಾಫ್ಟಿಗೆ ಮಾಸ್ಕಿಂಗ್ ಟೇಪ್ ಒಂದು ಪದರ ಸುತ್ತಿ, ತುದಿಯ ರಂಧ್ರದಿಂದ ಕಂಪ್ರೆಸರ್ ಗಾಳಿ ಊದಿದರೆ ಗ್ರಿಪ್ ಉಬ್ಬಿ ಸಲೀಸಾಗಿ ಸರಿಯುತ್ತದೆ. ಗಾಳಿ ನಿಲ್ಲಿಸಿದರೆ ಬಿಗಿದುಕೊಳ್ಳುತ್ತದೆ. ಕಾಯುವ ಕೆಲಸವಿಲ್ಲ, ತಕ್ಷಣ ಆಡಬಹುದು, ಬೇಡವಾದರೆ ಗ್ರಿಪ್ ಹರಿಯದೆ ಹೊರತೆಗೆಯಲೂಬಹುದು. ಯಾವ ದಪ್ಪ ಹೊಂದುತ್ತದೆಂದು ಪರೀಕ್ಷಿಸುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಒತ್ತಡ ನಿಯಂತ್ರಿಸುವ ರೆಗ್ಯುಲೇಟರ್ ಇರಲೇಬೇಕು. ಬೀದಿ ತುದಿಯ ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಕ್ಲಬ್ ಹಿಡಿದುಕೊಂಡು ಹೋಗುವ ಯೋಚನೆ ಬಂದರೆ ಬಿಟ್ಟುಬಿಡಿ. ಮೆತ್ತಗಿನ ಪಾಲಿಯುರೆಥೇನ್ ಗ್ರಿಪ್ ಬಲೂನಿನ ಹಾಗೆ ಒಡೆಯುತ್ತದೆ, ಅದರ ಚೂರು ಹಾರುವುದು ನೇರ ಮುಖಕ್ಕೆ.